ಮನೆವಾರ್ತೆ: ಬಿಡಾರದಲ್ಲಿ ನಾಯಿಯ ಮಲಗುವ ತಾಣ

ಮಳೆಗಾಲ ಕಳೆದು ಸುಗ್ಗಿ ಸಮೀಪಿಸಿತೆಂದರೆ ನಮ್ಮ ಗೃಹಸ್ಥರಲ್ಲಿ ಅನೇಕರಿಗೆ ಪ್ರವಾಸದ ಹಂಬಲ ಹುಟ್ಟುವುದು ಸಹಜವಾಗಿದೆ. ಹಿಂದಿನವರು ಯಾತ್ರೆಯ ನೆವದಿಂದ ಹೊರಟು ಛತ್ರಗಳಲ್ಲಿ ಇಳಿದುಕೊಳ್ಳುತ್ತಿದ್ದರು. ಈಗಿನವರಾದರೋ ಸ್ವಂತ ಮೋಟಾರು ಗಾಡಿಯಲ್ಲಿ ಡೇರೆ, ಒಲೆ, ಹಾಸಿಗೆಗಳನ್ನು ಹೇರಿಕೊಂಡು, ಪರಿಚಿತರ ತೋಟದಲ್ಲಿಯೋ ಅಪ್ಪಣೆಯುಳ್ಳ ಬಯಲಿನಲ್ಲಿಯೋ ಬಿಡಾರ ಹೂಡಿ, ಗಾಡಿಯೊಳಗೇ ಮಲಗಿ ಏಳುವ ಪದ್ಧತಿಯನ್ನು ಹಿಡಿದಿದ್ದಾರೆ. ಇಂತಹ ಪ್ರಯಾಣದ ಅಡಿಗೆಯ ವಿಷಯವಾಗಿ ಕಳೆದ ಸಂಚಿಕೆಯಲ್ಲಿ ನಾವು ಬರೆದುದನ್ನು ನೋಡಿದ ಕೆಲವರು ವಾಚಕರು, “ನಮ್ಮ ಮನೆಯ ನಾಯಿಯೂ ಜೊತೆಗೆ ಬರುವುದು, ರಾತ್ರಿ ಅದನ್ನು ಎಲ್ಲಿ ಮಲಗಿಸುವುದು?” ಎಂದು ಕೇಳಿದ್ದಾರೆ. ಪ್ರಶ್ನೆ ಸಣ್ಣದೆಂದು ತೋರಬಹುದು. ಆದರೆ ಸಣ್ಣದೆಂದು ಉದಾಸೀನ ಮಾಡಿ ನಾವೇ ಒಮ್ಮೆ ತಪ್ಪಿದವರಾದುದರಿಂದ, ಈ ತಿಂಗಳ ಪುಟವನ್ನು ಇದಕ್ಕಾಗಿಯೇ ಮೀಸಲಿಟ್ಟಿದ್ದೇವೆ.

ನಮ್ಮ ಹಿರಿಯರ ಕಾಲದಲ್ಲಿ ಈ ತೊಡಕಿರಲಿಲ್ಲ. ಎತ್ತಿನ ಗಾಡಿ ಹೊರಟರೆ ನಾಯಿ ಅಚ್ಚಿನ ಕೆಳಗೆ, ಎರಡು ಚಕ್ರಗಳ ನಡುವಣ ನೆರಳಿನಲ್ಲಿ, ಎತ್ತುಗಳ ಹೆಜ್ಜೆಗೆ ಹೆಜ್ಜೆಯಿಡುತ್ತ ಬರುತ್ತಿದ್ದಿತು. ಗಾಡಿಯ ಕೆಳಗಿನ ನಾಯಿ ತಾನೇ ಗಾಡಿಯನ್ನು ಎಳೆಯುತ್ತಿದ್ದೇನೆಂದು ತಿಳಿದುಕೊಂಡಿತಂತೆ ಎಂಬ ಗಾದೆ ಹುಟ್ಟಿದ್ದು ಆ ನೋಟದಿಂದಲೇ. ರಾತ್ರಿ ಗಾಡಿ ಬಿಟ್ಟ ಕಡೆಯಲ್ಲಿ ಅದು ಅಲ್ಲಿಯೇ ಸುತ್ತಿಕೊಂಡು ಮಲಗುವುದು. ಪಕ್ಕದಲ್ಲಿ ಎತ್ತುಗಳು ಮೆಲುಕು ಹಾಕುತ್ತಿರುವುವು. ಗಾಡಿಯವನು ಮಗ್ಗುಲಲ್ಲಿಯೇ ಕಂಬಳಿ ಹೊದ್ದು ಬಿದ್ದಿರುವನು. ಹತ್ತಿರದಲ್ಲಿ ಬೆಂಕಿ ಉರಿಯುತ್ತಿರುವುದು. ಹೀಗೆ ನಾಯಿ ಹೊರಗಿದ್ದರೂ ಒಂಟಿಯಾಗಿರಲಿಲ್ಲ ಎಂಬುದನ್ನು ನಾವು ಗಮನಿಸಬೇಕು. ಈಗ ಗಾಡಿ ಬದಲಾಯಿತು, ಮನುಷ್ಯರು ಗಾಡಿಯೊಳಗೆ ಸೇರಿ ಬಾಗಿಲು ಹಾಕಿಕೊಂಡರು. ನಾಯಿಯ ಸ್ಥಳ ಮಾತ್ರ ಬದಲಾಗಬೇಕಾಗಿಲ್ಲವೆಂದು ಅನೇಕರು ಭಾವಿಸಿದ್ದಾರೆ. ನಾವೂ ಹಾಗೆಯೇ ಭಾವಿಸಿದ್ದೆವು.

ನಡೆದ ಸಂಗತಿಯನ್ನು ಮುಚ್ಚುಮರೆಯಿಲ್ಲದೆ ಹೇಳುವೆವು. ಎರಡು ವರ್ಷಗಳ ಹಿಂದೆ ಪುಷ್ಯಮಾಸದಲ್ಲಿ ನಾವು ಕುಟುಂಬಸಮೇತರಾಗಿ ಮೂಡಿಗೆರೆಯ ಕಡೆಯ ಒಂದು ಕಾಫಿ ತೋಟಕ್ಕೆ ಹೋಗಿದ್ದೆವು. ತೋಟದ ಯಜಮಾನರು ನಮ್ಮ ಹಳೆಯ ಸ್ನೇಹಿತರು. ಮನೆಯಲ್ಲಿಯೇ ಇಳಿದುಕೊಳ್ಳಿರೆಂದು ಒತ್ತಾಯ ಮಾಡಿದರೂ, ಮಕ್ಕಳ ಆಸೆಗಾಗಿ ಕಣದ ಅಂಚಿನಲ್ಲಿ ಗಾಡಿಯನ್ನು ನಿಲ್ಲಿಸಿ ಬಿಡಾರ ಮಾಡಿದೆವು. ನಮ್ಮ ಕರಿಯನೂ ಜೊತೆಯಲ್ಲಿದ್ದನು. ಅವನಿಗೆ ಆಗ ಹನ್ನೊಂದು ವರ್ಷ. ಜಾತಿಯ ನಾಯಿಯೇನೂ ಅಲ್ಲ. ಕಣ್ಣಿಗೆ ಪೊರೆ ಬರಲಾರಂಭಿಸಿದ್ದಿತು. ಅವನು ಗಾಡಿಯೊಳಗೆ ಮಲಗುವುದು ನಮ್ಮ ಮನೆಯ ಹಿರಿಯಾಕೆಗೆ ಒಪ್ಪಿಗೆಯಾಗಲಿಲ್ಲ. ಕೂದಲು, ವಾಸನೆ, ಮಡಿ ಎಂದು ಮೂರು ಕಾರಣಗಳನ್ನು ಹೇಳಿದರು. ನಮಗೂ ಅದು ಅನುಕೂಲವಾಗಿಯೇ ಕಂಡಿತು. ಗಾಡಿಯ ಕೆಳಗೆ ಒಂದು ಗೋಣಿಯನ್ನು ಹಾಸಿ, ಓಡಿಹೋಗದಿರಲೆಂದು ಕರಿಯನನ್ನು ಚಕ್ರಕ್ಕೆ ಕಟ್ಟಿ, ಒಳಗೆ ಹೋಗಿ ಮಲಗಿದೆವು.

ನಡುರಾತ್ರಿ ಕಳೆದ ಮೇಲೆ ನಮಗೆ ಎಚ್ಚರವಾಯಿತು. ಕರಿಯನು ಬೊಗಳಲಿಲ್ಲ, ಬೊಗಳಿದ್ದರೆ ನಾವು ಗದರಿಸಿ ಮತ್ತೆ ಮಲಗುತ್ತಿದ್ದೆವೋ ಏನೋ. ಎಳೆಯ ಮರಿಯಂತೆ ಕುಂಯ್‌ಗುಟ್ಟುತ್ತ ಗಾಡಿಯ ತಳಕ್ಕೆ ಮೈಯನ್ನು ಒತ್ತುತ್ತಿದ್ದನು. ನಾವು ಕೈದೀಪವನ್ನು ಹುಡುಕುವಷ್ಟರಲ್ಲಿ ಆ ಹಿರಿಯಾಕೆಯೇ ಬಾಗಿಲು ತೆರೆದು, ಹಗ್ಗವನ್ನು ಬಿಚ್ಚಿ, ಕರಿಯನನ್ನು ಎರಡು ಕೈಗಳಿಂದ ಎತ್ತಿ ತಮ್ಮ ಹಾಸಿಗೆಯ ಮೇಲೆಯೇ ಹಾಕಿಕೊಂಡು ಬಾಗಿಲು ಮುಚ್ಚಿದರು. ಹೊರಗೆ ಏನೂ ಕಾಣಲಿಲ್ಲ. ಬೆಳಗ್ಗೆ ತೋಟದ ಕಾವಲುಗಾರನು ಬಂದು ನೋಡಿ, ಗಾಡಿಯಿಂದ ಇಪ್ಪತ್ತು ಹೆಜ್ಜೆಯಾಚೆ ಮಂಜಿಗೆ ನೆನೆದ ಮಣ್ಣಿನಲ್ಲಿ ಮೂಡಿದ್ದ ಚಿರತೆಯ ಹೆಜ್ಜೆಗಳನ್ನು ತೋರಿಸಿದನು. ಅದು ಬಂದು, ಒಂದು ಕಡೆ ಕುಳಿತು, ಹಿಂದಿರುಗಿ ಹೋಗಿದ್ದಿತು. ಓಡಿಹೋಗದಿರಲೆಂದು ಕಟ್ಟಿದ ಹಗ್ಗವು ಓಡಿ ತಪ್ಪಿಸಿಕೊಳ್ಳದಂತೆಯೂ ಕಟ್ಟಿದ್ದಿತಷ್ಟೆ. ಆ ಗಂಟನ್ನು ಹಾಕಿದ ಕೈ ನಮ್ಮದೇ ಎಂಬುದನ್ನು ನೆನೆದಾಗ ಈಗಲೂ ನಮಗೆ ನಾಚಿಕೆಯಾಗುತ್ತದೆ.

ಇದು ಕೇವಲ ಒಂದು ರಾತ್ರಿಯ ಆಕಸ್ಮಿಕವೆಂದು ತಿಳಿಯಬಾರದು. ಊರ ಅಂಚಿನಲ್ಲಿ ಸಂಚರಿಸುವ ಚಿರತೆಗೆ ನಾಯಿ ಅಪರೂಪದ ಬೇಟೆಯಲ್ಲ, ದಿನದ ಆಹಾರ. ಮಹಾರಾಷ್ಟ್ರದ ಅಕೋಲೆ ತಾಲ್ಲೂಕಿನ ಬೇಸಾಯದ ಸೀಮೆಯಲ್ಲಿ ಚಿರತೆಗಳ ಮಲವನ್ನು ಪರೀಕ್ಷಿಸಿದ ವಿಜ್ಞಾನಿಗಳು, ಅವು ತಿಂದ ಆಹಾರದ ತೂಕದಲ್ಲಿ ನೂರಕ್ಕೆ ಸುಮಾರು ೪೦ ಪಾಲು ನಾಯಿಗಳದ್ದೇ ಎಂದು ಕಂಡುಕೊಂಡಿದ್ದಾರೆ. ನಮ್ಮ ಮಲೆನಾಡಿನ ತೋಟಗಳಲ್ಲಿಯೂ, ಮೈಸೂರು, ತುಮಕೂರು, ರಾಮನಗರಗಳ ಕಲ್ಲುಗುಡ್ಡಗಳಲ್ಲಿಯೂ ಚಿರತೆಗಳುಂಟು. ಆದಕಾರಣ ಇಂತಹ ಸೀಮೆಗಳಲ್ಲಿ ನಾಯಿಯನ್ನು ರಾತ್ರಿ ಹೊರಗೆ ಕಟ್ಟತಕ್ಕದ್ದಲ್ಲ. ಕಟ್ಟದೆ ಬಿಡುವುದೂ ಕೂಡದು. ಬಿಟ್ಟ ನಾಯಿ ಕಾಡುಹಂದಿಯ ಬೆನ್ನು ಹತ್ತುವುದು, ಹಾವನ್ನು ಕೆಣಕುವುದು, ಇಲ್ಲವೆ ಊರ ನಾಯಿಗಳೊಡನೆ ಕಾದಾಡಿ ಗಾಯ ಮಾಡಿಕೊಳ್ಳುವುದು.

ಗಾಡಿಯ ಕೆಳಭಾಗವೇ ನಾಯಿಗೆ ತಕ್ಕ ಸ್ಥಳವಲ್ಲವೆನ್ನುವುದಕ್ಕೆ ಬೇರೆ ಕಾರಣಗಳೂ ಉಂಟು. ಎತ್ತಿನ ಗಾಡಿಯ ಅಚ್ಚಿನಿಂದ ಕೀಲೆಣ್ಣೆಯ ಹನಿ ಬಿದ್ದರೆ ಹೆಚ್ಚಿನ ಕೇಡಿರಲಿಲ್ಲ. ಮೋಟಾರು ಗಾಡಿಯಾದರೋ ನಿಂತ ಮೇಲೆಯೂ ಬಹಳ ಹೊತ್ತು ಹೊಗೆಕೊಳವೆ ಸುಡುವಷ್ಟು ಬಿಸಿಯಾಗಿರುವುದು. ಎಂಜಿನ್ನನ್ನು ತಂಪಾಗಿಡುವ ದ್ರವದಲ್ಲಿ ಎಥಿಲೀನ್ ಗ್ಲೈಕಾಲ್ ಎಂಬ ವಸ್ತುವಿರುವುದುಂಟು. ಅದರ ರುಚಿ ಸಿಹಿ. ಸೋರಿ ನೆಲಕ್ಕೆ ಬಿದ್ದುದನ್ನು ನಾಯಿ ನೆಕ್ಕುವುದು. ಸ್ವಲ್ಪವೇ ಹೊಟ್ಟೆಗೆ ಸೇರಿದರೂ ಮೂತ್ರಪಿಂಡಗಳು ಕೆಟ್ಟು ಪ್ರಾಣಕ್ಕೆ ಅಪಾಯ ಬರುವುದು. ಇದಲ್ಲದೆ ಬೆಳಗ್ಗೆ ಕೆಳಗೆ ನೋಡದೆ ಗಾಡಿಯನ್ನು ನಡೆಯಿಸಿಬಿಡುವ ಭಯವೂ ಇದೆ.

ಹಾಗಾದರೆ ಉಳಿದುವು ಎರಡು ಸ್ಥಳಗಳು: ಡೇರೆ ಮತ್ತು ಗಾಡಿಯ ಒಳಗು. ಮನುಷ್ಯರು ಡೇರೆಯಲ್ಲಿ ಮಲಗುವವರಾದರೆ ನಾಯಿಯೂ ಅವರೊಡನೆ ಡೇರೆಯಲ್ಲಿಯೇ ಮಲಗಬಹುದು. ಡೇರೆಯ ಬಟ್ಟೆ ಚಿರತೆಗೆ ಅಡ್ಡಗೋಡೆಯಲ್ಲವೆಂಬುದನ್ನು ಮಾತ್ರ ಮರೆಯಬಾರದು. ಬಯಲು ಸೀಮೆಯಲ್ಲಿ, ಜನವಸತಿಯ ನಡುವೆ, ಬೇಲಿಯೊಳಗಿನ ಅಂಗಳದಲ್ಲಿ ಡೇರೆ ಸಾಕು. ನಾಯಿಯ ಉಗುರುಗಳನ್ನು ಮೊದಲೇ ಕತ್ತರಿಸಿರಬೇಕು. ಇಲ್ಲವಾದರೆ ಡೇರೆಯ ನೆಲಹಾಸು ಒಂದೇ ರಾತ್ರಿಯಲ್ಲಿ ಹರಿಯುವುದು. ಕಾಡಿನ ಅಂಚಿನಲ್ಲಿಯೂ ಮಳೆಯ ದಿನಗಳಲ್ಲಿಯೂ ಗಾಡಿಯ ಒಳಗೇ ಉತ್ತಮ. ಅದೂ ಮನೆಯವರಲ್ಲಿ ಒಬ್ಬರಾದರೂ ನಾಯಿಯ ಜೊತೆಯಲ್ಲಿ ಅಲ್ಲಿಯೇ ಮಲಗಿದರೆ ಮತ್ತಷ್ಟು ಒಳ್ಳೆಯದು. ಗೊತ್ತಿಲ್ಲದ ಜಾಗದಲ್ಲಿ ಒಂಟಿಯಾಗಿ ಕೂಡಿಹಾಕಿದ ನಾಯಿ ರಾತ್ರಿಯೆಲ್ಲ ಬೊಗಳಿ ನೆರೆಯವರ ನಿದ್ರೆಯನ್ನೂ ಕೆಡಿಸುವುದು.

ಗಾಡಿಯೊಳಗಿನ ಸ್ಥಳವನ್ನು ಅಳೆಯುವುದಕ್ಕೆ ಸುಲಭವಾದ ನಿಯಮವಿದೆ. ನಾಯಿ ತಲೆ ತಗ್ಗಿಸದೆ ನಿಲ್ಲಬೇಕು, ತಡೆಯಿಲ್ಲದೆ ಸುತ್ತು ತಿರುಗಬೇಕು, ಕಾಲು ಚಾಚಿ ಅಡ್ಡಬೀಳಬೇಕು. ಈ ಮೂರೂ ಸಾಧ್ಯವಾದರೆ ಸ್ಥಳ ಸಾಕು. ಹಿಂದಿನ ಆಸನಗಳನ್ನು ಮಡಿಸಿದಾಗ ನಡುವೆ ಬೀಳುವ ಸಂದುಗಳಿಗೆ ಮಡಿಸಿದ ಜಮಖಾನವನ್ನು ತುರುಕಿ ಸಮಮಾಡಬೇಕು. ಮುದಿ ನಾಯಿಯ ಕಾಲು ಅಂತಹ ಸಂದಿನಲ್ಲಿ ಸಿಕ್ಕಿ ಉಳುಕುವುದುಂಟು. ಅಂತಹ ನಾಯಿಯನ್ನು ಎತ್ತಿ ಹತ್ತಿಸಬೇಕು, ಎತ್ತಿ ಇಳಿಸಬೇಕು, ಹಾರಲು ಬಿಡಬಾರದು. ತಿಂಡಿಯ ಡಬ್ಬಗಳನ್ನು ನಾಯಿಗೆ ನಿಲುಕದಂತೆ ಭದ್ರಪಡಿಸತಕ್ಕದ್ದು. ದ್ರಾಕ್ಷಿ, ಈರುಳ್ಳಿ, ಚಾಕೊಲೇಟುಗಳು ಮಕ್ಕಳಿಗೆ ಹಿತವಾದರೂ ನಾಯಿಗೆ ವಿಷಪ್ರಾಯ, ಒಣದ್ರಾಕ್ಷಿಯೂ ಹಾಗೆಯೇ.

ಹಾಸಿಗೆಯ ವಿಷಯದಲ್ಲಿ ಅನೇಕರು ಹೊದಿಕೆಯ ಯೋಚನೆ ಮಾಡುವರೇ ಹೊರತು ಹಾಸಿನ ಯೋಚನೆ ಮಾಡುವುದಿಲ್ಲ. ಮಲಗಿದವನ ಮೈಯ ಕಾವನ್ನು ಮೇಲಿನ ಗಾಳಿಗಿಂತ ಕೆಳಗಿನ ತಣ್ಣನೆಯ ನೆಲವೇ ಹೆಚ್ಚಾಗಿ ಹೀರುವುದು. ಮನುಷ್ಯನಿಗಿರುವ ಈ ನಿಯಮ ನಾಯಿಗೂ ಇದೆ. ಡೇರೆಯಲ್ಲಾದರೆ ಮೊದಲು ನೀರು ಹೀರದ ಒಂದು ಹಾಳೆ, ಅದರ ಮೇಲೆ ಚಾಪೆ, ಅದರ ಮೇಲೆ ನಾಲ್ಕು ಮಡಿಕೆಯ ಕಂಬಳಿ, ಹೀಗೆ ಮೂರು ಪದರಗಳಿರಬೇಕು. ಹುಲ್ಲನ್ನು ಹಾಸುವ ಹಳೆಯ ಪದ್ಧತಿಯನ್ನು ನಾವು ಹೇಳುವುದಿಲ್ಲ. ದಾರಿಯಲ್ಲಿ ಸಿಕ್ಕಿದ ಹುಲ್ಲಿನಲ್ಲಿ ಉಣ್ಣೆಗಳು ಅಡಗಿರಬಹುದು. ಮುಧೋಳದ ಬೇಟೆನಾಯಿಯಂತಹ ಸಣಕಲು ಮೈಯ, ತೆಳು ಕೂದಲಿನ ನಾಯಿ ಬಯಲುಸೀಮೆಯ ಬಿಸಿಲಿನಲ್ಲಿ ಓಡುವುದಕ್ಕೆ ಹುಟ್ಟಿದುದು. ೨೦೦೫ರಲ್ಲಿ ಅಂಚೆಚೀಟಿಯ ಮೇಲೆ ಬಂದ ಈ ಹೆಮ್ಮೆಯ ನಾಯಿಗೆ ಬಾಬಾಬುಡನಗಿರಿಯ ಚಳಿಗಾಲದ ರಾತ್ರಿ ಸಹಿಸದು. ಅದಕ್ಕೆ ಬೆನ್ನು ಹೊಟ್ಟೆಗಳನ್ನು ಮುಚ್ಚುವ ಅಂಗಿಯೂ ಬೇಕು. ಒತ್ತಾದ ತುಪ್ಪುಳವುಳ್ಳ ಪರದೇಶದ ತಳಿಗಳಿಗೆ ಹೊದಿಕೆ ಬೇಡ, ಗಾಳಿ ಬೇಕು. ಯಾವ ನಾಯಿಯೇ ಆಗಲಿ, ಮನೆಯಲ್ಲಿ ಅದು ನಿತ್ಯ ಮಲಗುವ ಹಾಸನ್ನು ಒಗೆಯದೆ ಹಾಗೆಯೇ ತರಬೇಕು. ನಮಗೆ ಕೊಳೆಯೆನಿಸುವ ಆ ವಾಸನೆಯೇ ಅದಕ್ಕೆ ಮನೆ.

ಇನ್ನು ಗಾಳಿಯ ಮಾತು. ರಾತ್ರಿ ಗಾಡಿಯ ಗಾಜುಗಳನ್ನು ಪೂರ್ತಿಯಾಗಿ ಮುಚ್ಚಕೂಡದು. ಎದುರುಬದುರಾದ ಎರಡು ಕಿಟಕಿಗಳನ್ನು ಮೂರು ಬೆರಳಿನಷ್ಟು ಇಳಿಸಿ, ಸೊಳ್ಳೆ ಬಾರದಂತೆ ಬಲೆಯನ್ನು ಕಟ್ಟಿದರೆ ಗಾಳಿ ಅಡ್ಡವಾಗಿ ಹಾಯುವುದು. ನಾಯಿಯ ತಲೆ ತೂರುವಷ್ಟು ಇಳಿಸಬಾರದು. ಸೆಕೆಯೆಂದು ಎಂಜಿನ್ನನ್ನು ನಡೆಯಿಸುತ್ತ ತಂಪುಗಾಳಿಯ ಯಂತ್ರವನ್ನು ಹಾಕಿಕೊಂಡು ಮಲಗುವುದೂ, ಚಳಿಯೆಂದು ಇದ್ದಲಿನ ಅಗ್ಗಿಷ್ಟಿಕೆಯನ್ನು ಗಾಡಿಯೊಳಗೋ ಡೇರೆಯೊಳಗೋ ಇಟ್ಟುಕೊಳ್ಳುವುದೂ ಆತ್ಮಹತ್ಯೆಗೆ ಸಮಾನ. ಅವುಗಳಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಮಲಗಿದಂತೆಯೇ ಪ್ರಾಣ ಬಿಡುವರು. ನಾಯಿಯ ಮೂಗು ಎಷ್ಟು ಚುರುಕಾಗಿದ್ದರೂ ಇದರ ವಿಷಯದಲ್ಲಿ ಕಾವಲಾಗಲಾರದು.

ರಾತ್ರಿ ನಾಯಿಯನ್ನು ಕಾಪಾಡಿದ ಗಾಡಿಯೇ ಹಗಲು ಅದರ ಮೃತ್ಯುವಾಗಬಹುದೆಂಬುದನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ. ಮನುಷ್ಯನಂತೆ ಮೈಯೆಲ್ಲ ಬೆವರುವ ಭಾಗ್ಯ ನಾಯಿಗಿಲ್ಲ. ಅಂಗಾಲುಗಳಲ್ಲಿ ಮಾತ್ರ ಅದು ಸ್ವಲ್ಪ ಬೆವರುವುದು. ಉಳಿದಂತೆ ನಾಲಿಗೆ ಚಾಚಿ ಏದುಸಿರು ಬಿಡುವುದರಿಂದಲೇ ಮೈಯನ್ನು ತಣಿಸಿಕೊಳ್ಳಬೇಕು. ಸುತ್ತಲಿನ ಗಾಳಿಯೇ ಕಾದಿದ್ದರೆ ಆ ಉಪಾಯ ನಡೆಯದು. ಬಿಸಿಲಿನಲ್ಲಿ ಮುಚ್ಚಿದ ಗಾಡಿಯೊಳಗಿನ ಉಷ್ಣವು ಹತ್ತೇ ನಿಮಿಷಗಳಲ್ಲಿ ಹೊರಗಿಗಿಂತ ಸುಮಾರು ೧೦ ಡಿಗ್ರಿ ಸೆಲ್ಸಿಯಸ್ಸಿನಷ್ಟೂ, ಅರ್ಧ ಗಂಟೆಯಲ್ಲಿ ಸುಮಾರು ೧೯ ಡಿಗ್ರಿಯಷ್ಟೂ ಏರುವುದೆಂದು ಅಳೆದು ನೋಡಿದ್ದಾರೆ. ಕಿಟಕಿಯನ್ನು ಸ್ವಲ್ಪ ಇಳಿಸಿದ್ದರೆ ಸಾಕೆಂಬ ನಂಬಿಕೆ ತಪ್ಪು. ರಾತ್ರಿ ಮೂರು ಬೆರಳಿನ ಸಂದು ಸಾಕಾಗುವುದೇಕೆಂದರೆ, ಆಗ ಗಾಜಿನ ಮೂಲಕ ಬಿಸಿಲಿನ ಕಾವು ಒಳಗೆ ಬರುವುದಿಲ್ಲ. ಹಗಲು ಆ ಸಂದಿನಿಂದ ಹೊರಗೆ ಹೋಗುವುದಕ್ಕಿಂತ ಒಳಗೆ ಸೇರುವ ಕಾವೇ ಹೆಚ್ಚು. ಆದುದರಿಂದ ಸಂಜೆ ಗಾಡಿಯನ್ನು ನಿಲ್ಲಿಸುವಾಗಲೇ ಮೂಡಣ ದಿಕ್ಕಿಗೆ ಮರದ ಮರೆಯಿರುವಂತೆ ನೋಡಿಕೊಳ್ಳಬೇಕು. ಸೂರ್ಯೋದಯಕ್ಕೆ ಮುಂಚೆ ನಾಯಿಯನ್ನು ಇಳಿಸಬೇಕು. ತಾವು ಜಲಪಾತ ನೋಡಲು ಹೋಗಿ ನಾಯಿಯನ್ನು ಗಾಡಿಯಲ್ಲಿ ಬಿಡುವುದು ಐದು ನಿಮಿಷಗಳ ಮಟ್ಟಿಗೂ ಸಲ್ಲದು.

ಆರೋಗ್ಯವಾದ ನಾಯಿಯ ಮೈಯ ಉಷ್ಣ ಸುಮಾರು ೩೮.೩ರಿಂದ ೩೯.೨ ಡಿಗ್ರಿ ಸೆಲ್ಸಿಯಸ್. ಅದು ೪೧ನ್ನು ಮುಟ್ಟಿತೆಂದರೆ ಗಂಡಾಂತರ ಬಂದಿತೆಂದೇ ತಿಳಿಯಬೇಕು. ತಡೆಯಿಲ್ಲದ ಏದುಸಿರು, ಜೊಲ್ಲು, ಕೆಂಪೇರಿದ ಒಸಡು, ತೂರಾಡುವ ನಡಿಗೆ ಇವು ಅದರ ಗುರುತುಗಳು. ಕೂಡಲೇ ನೆರಳಿಗೆ ಒಯ್ದು, ಮೈಮೇಲೆ ತಣ್ಣೀರನ್ನು ಸುರಿಯುತ್ತ, ಗಾಳಿ ಬೀಸುತ್ತ, ಪ್ರಜ್ಞೆಯಿದ್ದರೆ ಸ್ವಲ್ಪ ಸ್ವಲ್ಪವಾಗಿ ಕುಡಿಸುತ್ತ, ತಡಮಾಡದೆ ಪಶುವೈದ್ಯರಲ್ಲಿಗೆ ಕರೆದೊಯ್ಯಬೇಕು. ಚೇತರಿಸಿಕೊಂಡಂತೆ ಕಂಡರೂ ವೈದ್ಯರಿಗೆ ತೋರಿಸದೆ ಬಿಡಬಾರದು. ಒಳಗಿನ ಅಂಗಗಳಿಗೆ ಆದ ಕೇಡು ಮರುದಿನ ಕಾಣಿಸಿಕೊಳ್ಳುವುದುಂಟು.

ಮಲೆನಾಡಿಗೆ ಹೋಗುವವರು ಉಣ್ಣೆಗಳ ವಿಷಯದಲ್ಲಿ ವಿಶೇಷ ಎಚ್ಚರ ವಹಿಸಬೇಕು. ೧೯೫೭ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಸುತ್ತಲಿನ ಹಳ್ಳಿಯವರು ತೀವ್ರ ಜ್ವರದಿಂದ ನರಳಿದುದನ್ನೂ, ಅದು ಉಣ್ಣೆಗಳಿಂದ ಹರಡುವ ಹೊಸ ವೈರಾಣುವೆಂದು ಗೊತ್ತಾದುದನ್ನೂ ಅನೇಕರು ಬಲ್ಲರು. ಮಂಗನ ಕಾಯಿಲೆಯೆಂದು ಹೆಸರಾದ ಅದು ಈಗಲೂ ಪೂರ್ತಿಯಾಗಿ ತೊಲಗಿಲ್ಲ. ಅದು ಹೆಚ್ಚಾಗಿ ಕಾಣುವ ಡಿಸೆಂಬರಿನಿಂದ ಮೇವರೆಗಿನ ತಿಂಗಳುಗಳೇ ನಮ್ಮ ಬಿಡಾರದ ಕಾಲವೂ ಆಗಿವೆ. ತರಗೆಲೆಗಳಲ್ಲಿ ಹೊರಳಾಡಿ ಬಂದ ನಾಯಿ ಉಣ್ಣೆಗಳನ್ನು ನಮ್ಮ ಹಾಸಿಗೆಗೆ ತಂದು ಬಿಡಬಲ್ಲುದು. ನಾಯಿಗೂ ಉಣ್ಣೆಜ್ವರದ ಭಯ ಬೇರೆ ಇದ್ದೇ ಇದೆ. ಆದುದರಿಂದ ಹೊರಡುವ ಮುನ್ನ ವೈದ್ಯರು ಹೇಳಿದ ಉಣ್ಣೆನಿವಾರಕ ಔಷಧವನ್ನು ಹಾಕಿರಬೇಕು. ಪ್ರತಿ ರಾತ್ರಿ ಗಾಡಿ ಹತ್ತಿಸುವುದಕ್ಕೆ ಮುಂಚೆ ಕಿವಿಯೊಳಗು, ಕೊರಳಪಟ್ಟಿಯ ಕೆಳಗು, ಬೆರಳುಗಳ ಸಂದು, ತೊಡೆಯ ಸಂದುಗಳನ್ನು ದೀಪ ಹಿಡಿದು ನೋಡಬೇಕು. ಕಚ್ಚಿಕೊಂಡ ಉಣ್ಣೆಯನ್ನು ಚಿಮುಟದಿಂದ ಚರ್ಮದ ಬಳಿಯಲ್ಲಿಯೇ ಹಿಡಿದು ನೇರವಾಗಿ ಎಳೆಯಬೇಕು, ಬರಿಗೈಯಿಂದ ಹಿಸುಕತಕ್ಕದ್ದಲ್ಲ.

ಊಟ ನಿದ್ರೆಗೆ ಎರಡು ಗಂಟೆ ಮೊದಲೇ ಮುಗಿದಿರಲಿ. ನಿತ್ಯ ತಿನ್ನುವುದನ್ನೇ, ತುಸು ಕಡಿಮೆಯಾಗಿ ಹಾಕಬೇಕು. ನೀರು ಮಾತ್ರ ಭಾರವಾದ ಬಟ್ಟಲಿನಲ್ಲಿ ರಾತ್ರಿಯೆಲ್ಲ ಇರಲಿ. ಮಲಗುವ ಮುನ್ನ ಒಮ್ಮೆ, ಬೆಳಗ್ಗೆ ಎದ್ದೊಡನೆ ಒಮ್ಮೆ ಹಗ್ಗ ಹಿಡಿದು ಹೊರಗೆ ಸುತ್ತಾಡಿಸಬೇಕು. ಹುಚ್ಚುನಾಯಿಯ ರೋಗದ ಚುಚ್ಚುಮದ್ದು ಸಕಾಲದಲ್ಲಿ ಆಗಿರಬೇಕು. ಅದರ ಪತ್ರ ಗಾಡಿಯಲ್ಲಿರಬೇಕು. ಕೊರಳಪಟ್ಟಿಯ ಮೇಲೆ ಯಜಮಾನನ ದೂರವಾಣಿಯ ಸಂಖ್ಯೆ ಕೊರೆದಿರಬೇಕು. ರಾಷ್ಟ್ರೀಯ ಉದ್ಯಾನಗಳಿಗೂ ವನ್ಯಮೃಗಧಾಮಗಳಿಗೂ ನಾಯಿಯನ್ನು ಕರೆದೊಯ್ಯಬಾರದು. ಅದು ನಾಯಿಯ ಹಿತಕ್ಕಾಗಿ ಮಾತ್ರವಲ್ಲ. ಮನೆಯ ನಾಯಿಯ ರೋಗಗಳು ಸೀಳುನಾಯಿ, ನರಿಗಳಿಗೆ ತಗಲಿ ಅವುಗಳ ಹಿಂಡುಗಳನ್ನೇ ಅಳಿಸಬಲ್ಲುವು.

ಕಡೆಯದಾಗಿ ಅಭ್ಯಾಸದ ಮಾತು. ಹೊಸ ಏರ್ಪಾಡನ್ನು ಬಿಡಾರದ ಮೊದಲ ರಾತ್ರಿಯೇ ತೊಡಗಬಾರದು. ಹೊರಡುವುದಕ್ಕೆ ಹದಿನೈದು ದಿನ ಮೊದಲೇ, ಮನೆಯಂಗಳದಲ್ಲಿ ನಿಂತ ಗಾಡಿಯಲ್ಲಿ ಸಂಜೆಯ ತಂಪಿನಲ್ಲಿ ನಾಯಿಯ ಹಾಸನ್ನು ಹಾಕಿ, ಬಾಗಿಲು ತೆರೆದಿಟ್ಟು, ಅಲ್ಲಿಯೇ ಅದರ ಊಟವನ್ನು ಇಡಿರಿ. ಅದು ತಾನಾಗಿ ಹತ್ತಿ ಮಲಗುವುದನ್ನು ಕಲಿತ ಮೇಲೆ ಬಾಗಿಲನ್ನು ಮುಚ್ಚಿ ಪಕ್ಕದಲ್ಲಿ ಕುಳಿತುಕೊಳ್ಳಿರಿ. ಆ ಬಳಿಕ ಮನೆಯವರಲ್ಲಿ ಒಬ್ಬರು ಒಂದು ರಾತ್ರಿ ಅದರ ಜೊತೆಯಲ್ಲಿ ಮಲಗಿ ನೋಡಿರಿ. ಆ ಒಂದು ರಾತ್ರಿಯಲ್ಲಿ ಸ್ಥಳ ಸಾಲದೋ, ಗಾಳಿ ಸಾಲದೋ, ಚಳಿ ಹೆಚ್ಚೋ ಎಂಬುದೆಲ್ಲ ತಿಳಿದುಹೋಗುವುದು. ಅಂಗಳದಲ್ಲಿ ತಿಳಿದ ತಪ್ಪನ್ನು ತಿದ್ದಿಕೊಳ್ಳಬಹುದು. ಕಾಡಿನ ಅಂಚಿನಲ್ಲಿ ತಿಳಿದ ತಪ್ಪಿಗೆ ಅವಕಾಶವಿಲ್ಲ.

ಮಡಿಯ ವಿಚಾರದಲ್ಲಿ ಸಂಕೋಚಪಡುವ ಹಿರಿಯರು ಕೆಲವರ ಮನೆಗಳಲ್ಲಿ ಇರಬಹುದು. ಅವರ ಭಾವನೆಯನ್ನು ನಾವು ಲಘುವಾಗಿ ಕಾಣುವುದಿಲ್ಲ. ಒಗೆಯಲು ಬರುವ ಒಂದು ದಪ್ಪ ಬಟ್ಟೆಯನ್ನು ಗಾಡಿಯ ಹಿಂಭಾಗಕ್ಕೆ ಹೊದಿಸಿ, ನಡುವೆ ಬಲೆಯ ತಡಿಕೆಯನ್ನು ಕಟ್ಟಿದರೆ ನಾಯಿಗೂ ಮನುಷ್ಯರಿಗೂ ಬೇರೆ ಬೇರೆ ಸ್ಥಳವಾಗುವುದು. ಕೂದಲೂ ಇತ್ತ ಬಾರದು. ಆದರೆ ನಮ್ಮ ಮನೆಯ ಹಿರಿಯಾಕೆ ಮೂಡಿಗೆರೆಯ ಆ ಬೆಳಗ್ಗೆ, ಚಿರತೆಯ ಹೆಜ್ಜೆಗಳನ್ನು ನೋಡಿ ಬಂದು ಕಾಫಿ ಕಾಸುತ್ತ ಹೇಳಿದ ಮಾತು ನಮಗೆ ಮರೆತಿಲ್ಲ. “ಇಂದ್ರನೇ ರಥ ತಂದು ನಿಲ್ಲಿಸಿ ಹತ್ತೆಂದರೂ ಧರ್ಮರಾಯ ನಾಯಿಯನ್ನು ಬಿಟ್ಟು ಹತ್ತಲೊಲ್ಲೆನೆಂದನಂತೆ. ನಾವು ಈ ಡಬ್ಬದ ಗಾಡಿಯಲ್ಲಿ ಬಾಗಿಲು ಹಾಕಿಕೊಂಡು ಮಲಗಿದೆವಲ್ಲ!” ಎಂದರು.

ಅಂದಿನ ರಾತ್ರಿಯಿಂದ ಕರಿಯನ ಹಾಸಿಗೆ ಗಾಡಿಯ ಒಳಗೇ, ಅವರ ಕಾಲ ದೆಸೆಯಲ್ಲಿ. ಈಗ ಅವನಿಗೆ ಹದಿಮೂರು ವರ್ಷ. ಹತ್ತಿಸುವುದಕ್ಕೆ ಇಬ್ಬರು ಬೇಕು. ಬರುವ ಸಂಕ್ರಾಂತಿಯ ಪ್ರಯಾಣಕ್ಕೆ ಅವನನ್ನು ಕರೆದುಕೊಂಡು ಹೋಗಬೇಕೋ ಬೇಡವೋ ಎಂದು ಮನೆಯಲ್ಲಿ ಮಾತು ನಡೆದಿದೆ. ಹಿರಿಯಾಕೆಯಾದರೋ ಅವನ ಕಂಬಳಿಯನ್ನು ಆಗಲೇ ಬಿಸಿಲಿಗೆ ಹಾಕಿದ್ದಾರೆ.